ತಿರುಗದ ಬೀಸುಕಲ್ಲು

ಅವತ್ತು ಬೀಗ ಹಾಕಿ ಹೊರಡೋದು ತಡವಾಯ್ತು. ಕತ್ತಲಾಗಿತ್ತು. ಬಾವಿ ದಾಟಿ ಗೇಟಿನ ಕಡೆ ಹೆಜ್ಜೆ ಹಾಕ್ತಿದ್ದಾಗ ಅಕ್ಕನಿಗೆ ಹಿಂದಿನಿಂದ ಕೇಳಿಸ್ತು... ಟಕ್.

ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. ಪರದೇಶದ ದೊರೆಯೊಬ್ಬ ಕಟ್ಟಿಸಿದ್ದ ತೋಟದ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅಲ್ಲಿ ಜನಕ್ಕೆ ತೋರಿಸಿ ಹೇಳೋ ಕೆಲಸ ಅವಳದ್ದು. ದೊರೆ ಕುರ್ಚಿ, ದೊರೆ ಬಂದೂಕು, ದೊರೆ ಊಟದ ಮೇಜು. ಅವನಿಗೆ ಹಿಟ್ಟು ಬೀಸಿ ಕೊಟ್ಟವಳು ಯಾರು ಅಂತ ಯಾರಿಗೂ ಗೊತ್ತಿಲ್ಲ. ಹಿಂದಿನ ಕೋಣೇಲಿ ಅವಳ ಬೀಸುಕಲ್ಲು ಮಾತ್ರ ಉಳಿದಿದೆ. ಬಂದ ಮಕ್ಕಳೆಲ್ಲ ಅದನ್ನ ತಿರುಗಿಸಿ ಆಡ್ತಾರೆ ಅಂತ ಮೇಲಧಿಕಾರಿ ಮೇಲಿನ ಕಲ್ಲು ಕೆಳಗಿನ ಕಲ್ಲು ಎರಡನ್ನೂ ಸೇರಿಸಿ ಸಿಮೆಂಟ್ ಹಾಕಿಸಿಬಿಟ್ಟಿದ್ದ.

ಸಿಮೆಂಟ್ ಹಾಕಿದ ದಿನದಿಂದ ಶುರು. ದಿನಾ ಸಂಜೆ, ಬೀಗ ಹಾಕಿದ ಮೇಲೆ... ಟಕ್. ಬೀಸುಕಲ್ಲಿನ ಮರದ ಗೂಟವನ್ನ ಯಾರೋ ಹಿಡಿದು ಎಳೆದ ಹಾಗೆ. ಆಮೇಲೆ ಉಸಿರು ಬಿಗಿ ಹಿಡಿದು ಬಿಟ್ಟ ಸದ್ದು... ಹುಂ... ಮತ್ತೆ ಟಕ್.

ಅಕ್ಕ ಮೇಲಧಿಕಾರಿಗೆ ಹೇಳಿದಳು. "ಇಲಿ ಇರಬೇಕು" ಅಂದು ಬೋನು ಕಳಿಸಿದ. ಮತ್ತೆ ಹೇಳಿದಳು. "ರಜೆ ಬೇಕಿದ್ರೆ ನೇರ ಕೇಳಮ್ಮ" ಅಂದ. ಭಾವನಿಗೆ ಹೇಳಿದ್ರೆ, "ಕೆಲಸ ಬಿಟ್ಟುಬಿಡು" ಅಂದ್ರು. ಅದೊಂದೇ ಬಾಯಿಗೆ ಬರೋದು ಅವರಿಗೆ. ಅವಳಿಗೋ, ತಲೆ ಕೆಟ್ಟು ಹೋಗಿತ್ತು.

ಅವತ್ತು ಬಾವಿ ಹತ್ತಿರ ಟಕ್ ಅಂದಾಗ ರೇಗಿಬಿಡ್ತು. ಧಡಧಡ ವಾಪಸ್ ಹೋದಳು. ಬೀಗ ತೆಗೀಲಿಲ್ಲ. ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಏನು ಬೇಕು ನಿಂಗೆ?"

ಒಳಗೆ ಸದ್ದು ನಿಂತಿತು. ಆಮೇಲೆ... ಸುಸ್ತಾದ ಹೆಂಗಸಿನ ದನಿ.

"ತಿರುಗ್ತಾ ಇಲ್ಲ ಕಣೇ..."

ಅಕ್ಕ ಹಿಂದಕ್ಕೆ ಜಿಗಿದಳು. ಆದ್ರೂ ಬಾಯಿ ಸುಮ್ನಿರಬೇಕಲ್ಲ! "ನಾಳೆ ಬಿಡಿಸಿ ಕೊಡ್ತೀನಿ, ಸುಮ್ನಿರು ತಾಯಿ!" ಅಂದು ಓಟ ಕಿತ್ತಳು.

ಮಾತು ಕೊಟ್ಟಾಯ್ತಲ್ಲ. ಮರುದಿನ ಮೇಲಧಿಕಾರಿ ಹತ್ರ ಗೋಗರೆದಳು. "ಮುಟ್ಟಿದ್ರೆ ಕೆಲಸ ಹೋಗುತ್ತೆ" ಅಂದ. ಆದ್ರೂ ಅಕ್ಕ ಜನ ಹೋದ ಮೇಲೆ ಉಳಿ, ಸುತ್ತಿಗೆ ತಂದು ಕೂತು ಸಿಮೆಂಟೆಲ್ಲ ಕಿತ್ತು ಹಾಕಿ, ಬೀಗ ಜಡಿದು ಮನೆಗೆ ಬಂದಳು.

ಬೆಳಗ್ಗೆ ಮೇಲಧಿಕಾರಿಗೆ ಯಾರೋ ಚಾಡಿ ಹೇಳಿದ್ರು. ಕಾರಿಂದ ಇಳಿಯೋವಾಗಲೇ ಕೂಗಾಟ. ನಾನು ಅವಳ ಊಟದ ಡಬ್ಬಿ ಕೊಡೋಕೆ ಹೋಗಿದ್ದೆ, ಅಲ್ಲೇ ನಿಂತಿದ್ದೆ. ಅಕ್ಕ ಕೋಣೆ ಬೀಗ ತೆಗೆದಳು. ಅವನು "ನೋಡು ಏನು ಮಾಡಿದೀಯ" ಅಂತ ಕಲ್ಲಿನ ಮೇಲೆ ಕೈ ಇಟ್ಟ.

ತಟ್ಟನೆ ಕೈ ಹಿಂದಕ್ಕೆ ತಗೊಂಡ.

"ಬಿ... ಬಿಸಿಲು ಬಿದ್ದಿರಬೇಕು" ಅಂದ. ಅಂಗೈ ಉಜ್ಜಿಕೊಳ್ತಾ ಹೋಗಿ ಕಾರು ಹತ್ತಿದ. ಅಕ್ಕನ ಕೆಲಸದ ಮಾತು ಮತ್ತೆ ಎತ್ತಲಿಲ್ಲ.

ಆ ಕೋಣೆಗೆ ಕಿಟಕಿನೇ ಇಲ್ಲ. ನೀವು ನಂಬಿ, ಬಿಡಿ... ಅವನು ಹೋದ ಮೇಲೆ ನಾನೂ ಮುಟ್ಟಿ ನೋಡಿದೆ. ಕಲ್ಲು ಇನ್ನೂ ಬೆಚ್ಚಗಿತ್ತು.