ಕ್ಲೇಟನ್‌ನ ಬೈಕಿನ ಮುಂದಿನ ಬ್ರೇಕು

ದ್ವೀಪಕ್ಕೆ ವಾಹನ ಸಾಗಿಸುವ ದೊಡ್ಡ ದೋಣಿಗೆ ಕಾಯುವ ಸಾಲಿನಲ್ಲಿ ಐರಿಸ್ ತನ್ನ ಟ್ರಕ್ಕಿನ ಕಿಟಕಿ ಇಳಿಸಿಕೊಂಡು ಕೂತಿದ್ದಳು. ಮುಂದೆ ಒಂದು ಬೈಕು. ಅದರ ಮೇಲೆ ಕಪ್ಪು ಉಡುಪಿನ ಹೆಂಗಸು, ಪಕ್ಕದಲ್ಲಿ ನಿಂತವನು ಅವಳ ಮೈದುನ.

“ಲೈಲ್, ಬ್ರೇಕ್ ಒತ್ತಿದ್ರೆ ಲಿವರ್ ಹ್ಯಾಂಡಲ್‌ಗೇ ತಾಗ್ತಿದೆ.”

“ನಾಲ್ಕು ಸಲ ಒತ್ತು ವರ್ನಾ, ಗಟ್ಟಿಯಾಗತ್ತೆ.”

“ಆಗತ್ತೆ. ಆಮೇಲೆ ಮತ್ತೆ ಮೆತ್ತಗಾಗತ್ತೆ. ಬ್ರೇಕ್ ಎಣ್ಣೆಯೊಳಗಿನ ಗಾಳಿ ಪೂರ್ತಿ ತೆಗ್ದಿದ್ಯಾ?”

“ಗಾಳಿ ಮೇಲೇರಿ ಹೋಗ್ಲಿ ಅಂತ ರಾತ್ರಿಯೆಲ್ಲ ಲಿವರ್ ಬಿಗಿದು ಕಟ್ಟಿಟ್ಟಿದ್ದೆ. ಬೆಳಿಗ್ಗೆ ಕಲ್ಲಿನ ಹಾಗಿತ್ತು. ಆದ್ರೂ ಇನ್ನೊಂದು ಸಲ ಗಾಳಿ ಹೊರಗೆ ಬಿಡೋಣ ಅಂತ ಕೆಳಗಿನ ತಿರುಪು ಸಡಿಲ ಮಾಡ್ದೆ.”

“ಮತ್ತೆ ಬಿಗಿ ಮಾಡಿದ್ಯಾ?”

ಲೈಲ್ ಮಂಡಿಯೂರಿ ಮುಂದಿನ ಚಕ್ರದ ಬಳಿ ಬೆರಳಾಡಿಸಿದ. ಬೆರಳಿಗೆ ಎಣ್ಣೆ ಹತ್ತಿತು.

“ನಿಮ್ಮಣ್ಣ ಕ್ಲೇಟನ್ ಇದ್ದಿದ್ರೆ ನಿನಗೆ ಚಕ್ರ ಮುಟ್ಟೋಕೂ ಬಿಡ್ತಿರ್ಲಿಲ್ಲ.”

“ಇದ್ದಿದ್ರೆ ನಾನ್ಯಾಕೆ ಮುಟ್ತಿದ್ದೆ. ಈಗಲೇ ಬಿಗೀತೀನಿ.”

“ಗಾಳಿ ಆಗ್ಲೇ ಒಳಗೆ ಸೇರಿದೆ. ಎಣ್ಣೆ ತಂದಿದ್ಯಾ?”

“ಮನೇಲಿದೆ. ಹಿಂದಿನ ಬ್ರೇಕ್ ಒಂದೇ ಸಾಕಾಗಲ್ಲ, ಬೈಕ್ ಇಲ್ಲೇ ಬಿಟ್ಟು ಹೋಗೋಣ.”

“ಅವನ ಶವದ ಗಾಡಿ ಮುಂದೆ ಅವನ ಬೈಕ್ ಹೋಗ್ಲೇಬೇಕು. ಗಾಡಿ, ಉಳಿದ ಸವಾರರು ಎಲ್ಲ ದ್ವೀಪದಲ್ಲಿ ಕಾಯ್ತಿದಾರೆ.”

ದೋಣಿ ಕೂಗಿತು. ಸಾಲು ಇಳಿಜಾರಿನ ಕಡೆಗೆ ಸರಿಯತೊಡಗಿತು. ವರ್ನಾ ಬೈಕಿನಿಂದ ಇಳಿದಳು.

“ತಳ್ಕೊಂಡು ಹೋಗೋಣ. ಇಳಿಜಾರಲ್ಲಿ ನೀನು ಹಿಂದಿನಿಂದ ಎಳೆದು ಹಿಡ್ಕೊ. ಆ ಕಡೆ ಸ್ಮಶಾನದ ತನಕ ಬರೀ ಏರುದಾರಿ, ತಳ್ಕೊಂಡೇ ಹೋದ್ರೆ ಬ್ರೇಕ್ ಬೇಕಾಗಲ್ಲ.”

“ಎರಡು ಮೈಲಿ ವರ್ನಾ. ತುಂಬ ತಡ ಆಗತ್ತೆ.”

“ಆಗ್ಲಿ. ಕ್ಲೇಟನ್‌ಗೆ ಇವತ್ತು ಎಲ್ಲಿಗೂ ಅವಸರ ಇಲ್ಲ.”

ಅವಳು ಹ್ಯಾಂಡಲ್ ಹಿಡಿದಳು, ಅವನು ಹಿಂದಿನ ಸೀಟಿಗೆ ಜೋತುಬಿದ್ದ. ಹೆಜ್ಜೆ ಹೆಜ್ಜೆಯಾಗಿ ಇಬ್ಬರೂ ನೀರಿನ ಕಡೆಗೆ ಇಳಿದರು. ಟ್ರಕ್ಕಿನ ಹಿಂದಿನವರು ಹಾರನ್ ಹೊಡೆಯುತ್ತಲೇ ಇದ್ದರು. ಬೈಕು ದೋಣಿ ಸೇರುವ ತನಕ ಐರಿಸ್ ತನ್ನ ಟ್ರಕ್ಕನ್ನು ಅಲುಗಿಸಲಿಲ್ಲ.