ಬಾವಿಯಾಚೆ ಕಿಟಕಿಯ ಬೆಳಕು

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು. ಎಲ್ಲೋ ಯಾರಿಗೋ ಆಗಿದ್ದೂ ಅಲ್ಲ. ನಮ್ಮ ಚಿಕ್ಕಮ್ಮನ ಹಿರಿಸೊಸೆಗೆ ಆಗಿದ್ದು. ಅವಳ ಬಾಯಿಂದಲೇ ಕೇಳಿದ್ದೇನೆ...

ಆ ದೊಡ್ಡ ಬಿರುಗಾಳಿ ಬೀಸಿತಲ್ಲ, ಅದರ ಮರುವಾರ. ಊರಿಗೆ ಊರೇ ಕತ್ತಲು. ಕರೆಂಟು ಕಂಬಗಳು ಬುಡಸಮೇತ ಮಲಗಿದ್ದವು. ಬಿದ್ದ ತಂತಿಯನ್ನೇ ಎಳೆದು ಕಟ್ಟಿ ಜನ ಬಟ್ಟೆ ಒಣಹಾಕುತ್ತಿದ್ದರು. ಅಷ್ಟು ಖಾತ್ರಿ, ಇನ್ನು ಅದರಲ್ಲಿ ಏನೂ ಬರೋದಿಲ್ಲ ಅಂತ.

ಚಿಕ್ಕಮ್ಮನ ಇಬ್ಬರು ಗಂಡುಮಕ್ಕಳದ್ದು ಅಕ್ಕಪಕ್ಕದ ಮನೆ. ನಡುವೆ ಇಬ್ಬರಿಗೂ ಸೇರಿದ ಒಂದು ಬಾವಿ. ಹಿರಿಸೊಸೆ ಟೈಲರ್. ಕಿರಿಸೊಸೆ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟವಳು. ಮನೆಮಂದಿ ಕರೆಯೋದು ದೊಡ್ಡವಳು, ಚಿಕ್ಕವಳು ಅಂತ.

ಚಿಕ್ಕವಳನ್ನು ಕಂಡರೆ ದೊಡ್ಡವಳಿಗೆ ಮೊದಲಿಂದಲೂ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗೆ. ಅವಳ ಮನೆಗೆ ಫ್ರಿಜ್ ಬಂದ ದಿನ ಇವಳಿಗೆ ತಲೆನೋವು. ಅವಳ ಮಗಳು ಒಳ್ಳೆ ಮಾರ್ಕು ತಂದ ದಿನ ಇವಳ ಮಗನಿಗೆ ಬೈಗುಳ. ಈಗ ಬಿರುಗಾಳಿ ಬೇರೆ. ಇವಳ ಮಾಡಿನ ಶೀಟು ಕಿತ್ತು ಹಾರಿ, ಮೇಲೆ ನೀಲಿ ಟಾರ್ಪಾಲು ಬಂದಿತ್ತು. ರಾತ್ರಿಯಿಡೀ ಪಟಪಟ, ಪಟಪಟ. ಅವಳ ಮನೆಯ ಒಂದು ಹೆಂಚೂ ಕದಲಿರಲಿಲ್ಲ.

"ಗಾಳಿಗೂ ಗೊತ್ತು ನೋಡಿ, ಯಾರ ಮನೆ ಬಿಡಬೇಕು ಅಂತ," ಅಂದಳು ದೊಡ್ಡವಳು.

"ಅವಳ ಪಾರ್ಲರ್ ಮುಚ್ಚಿ ವಾರ ಆಯ್ತು ಕಣೇ," ಅಂದ ಗಂಡ. ಅದು ಇವಳ ಕಿವಿಗೆ ಬೀಳಲೇ ಇಲ್ಲ.

ಹೊಲಿಗೆಯ ಕೆಲಸ ತಲೆಮೇಲೆ ಕೂತಿತ್ತು. ಆಸ್ಪತ್ರೆಯ ನರ್ಸುಗಳ ಯೂನಿಫಾರಂ. ಮೆಶಿನ್ನಿನ ಮೋಟಾರು ಬಿಚ್ಚಿ ಅಟ್ಟದ ಮೇಲಿಟ್ಟು, ಹಗಲೆಲ್ಲ ಕಾಲಲ್ಲೇ ತುಳಿದು ಹೊಲಿಯುತ್ತಿದ್ದಳು. ಸಂಜೆಯಾದರೆ ಮುಖ್ಯರಸ್ತೆಯ ಮೆಡಿಕಲ್ ಶಾಪಿನ ಹಿಂದೆ ಕೂತು, ಅವರ ಜನರೇಟರಿನಲ್ಲಿ ಇಸ್ತ್ರಿ. ಹಾಗೆ ಮುಗಿಸಿಕೊಂಡು ಬರುತ್ತಿದ್ದ ಒಂದು ರಾತ್ರಿ... ಬಗಲಲ್ಲಿ ಬಟ್ಟೆಗಂಟು, ಕೈಯಲ್ಲಿ ಸಾಯೋಕೆ ಬಂದ ಟಾರ್ಚು. ಬಾವಿಯ ಹತ್ತಿರ ಬಂದಳು. ಗಾಳಿಗೆ ರಾಟೆ ಕಿರ್ರ್... ಅಂತು. ತಲೆಯೆತ್ತಿದಳು.

ಚಿಕ್ಕವಳ ಕಿಟಕಿಯಲ್ಲಿ ಬೆಳಕು.

ಮೇಣದ ಬತ್ತಿಯ ಹಳದಿ ಅಲ್ಲ. ಟ್ಯೂಬ್‌ಲೈಟಿನ ಬಿಳಿ ಬೆಳಕು. ಜೊತೆಗೆ ಸದ್ದು... ಹುಸ್ಸ್ಸ್... ಕೂದಲು ಒಣಗಿಸೋ ಡ್ರೈಯರು.

ಹೆದರಬೇಕಿತ್ತು. ಆದರೆ ಹೊಟ್ಟೆಕಿಚ್ಚಿನ ಮುಂದೆ ಹೆದರಿಕೆಗೆ ಜಾಗ ಎಲ್ಲಿ? 'ಕಳ್ಳಿ! ಎಲ್ಲಿಂದಲೋ ವೈರು ಎಳೆದುಕೊಂಡಿದಾಳೆ. ನಾವಿಲ್ಲಿ ಸೊಳ್ಳೆ ಹೊಡೀತಾ ಬಿದ್ದಿದ್ದರೆ ಇವಳಿಗೆ ಶೃಂಗಾರ!' ಹಲ್ಲು ಕಚ್ಚಿಕೊಂಡು ಮನೆ ಸೇರಿದಳು. ಒಳಗೆ ಕಗ್ಗತ್ತಲು. ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಬೀದಿಯಲ್ಲಿ ಬಿದ್ದ ಮರ ಕೊಯ್ಯುತ್ತಿದ್ದ ಲೈನ್‌ಮನ್‌ನನ್ನು ಹಿಡಿದಳು.

"ನಮ್ಮ ಸಾಲಲ್ಲಿ ಒಬ್ಬರ ಮನೆಗೆ ಮಾತ್ರ ಕರೆಂಟು ಕೊಟ್ಟಿದೀರಂತೆ?"

"ಅಯ್ಯೋ ಅಮ್ಮಾ, ನಿಮ್ಮ ಸಾಲಿನ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಿದೆ."

"ಕದ್ದು ಎಳೆದುಕೊಂಡಿದ್ದರೆ?"

"ಇದ್ದರೆ ತಾನೇ ಕದಿಯೋಕೆ?" ಅಂತ ನಕ್ಕ.

'ಅವಳು ಕಾಫಿ ಕೊಟ್ಟು ಇವನ ಬಾಯಿ ಮುಚ್ಚಿಸಿದಾಳೆ,' ಅಂದುಕೊಂಡಳು ದೊಡ್ಡವಳು. ಬಾವಿಯಲ್ಲಿ ನೀರು ಸೇದುವಾಗ ಚಿಕ್ಕವಳು ಎದುರಾದಳು. ಮುಖ ಗಂಟಿಕ್ಕಿಕೊಂಡು ಕೊಡ ಎತ್ತಿಕೊಂಡು ಹೋದಳು. ಕದ್ದವಳಿಗೇ ಇಷ್ಟು ಬಿಂಕ!

ಅವತ್ತು ರಾತ್ರಿ ಗಂಡ, ಮಗ ಮಲಗಿದ ಮೇಲೆ ದೊಡ್ಡವಳು ಎದ್ದಳು. ರಬ್ಬರ್ ಚಪ್ಪಲಿ ಮೆಟ್ಟಿದಳು. ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ ತೆಗೆದುಕೊಂಡಳು. ಆ ವೈರು ಎಲ್ಲೇ ಇರಲಿ, ಇವತ್ತು ಕತ್ತರಿಸಿಯೇ ತೀರೋದು.

ಕಿಟಕಿ ಬೆಳಗುತ್ತಿತ್ತು. ಹುಸ್ಸ್ಸ್... ಬಾವಿಕಟ್ಟೆ ಬಳಸಿ ಹೋಗಬೇಕು, ಅಷ್ಟರಲ್ಲಿ ಕಟ್ಟೆಯ ಆ ಕಡೆ ತರಗೆಲೆ ಚರಕ್ ಅಂತು. ಯಾರೋ ನಿಂತಿದ್ದರು.

"ಯಾರು?"

"...ಅಕ್ಕಾ?"

ಚಿಕ್ಕವಳು! ಕೈಯಲ್ಲಿ ಗಂಡನ ಕಟಿಂಗ್ ಪ್ಲೇಯರು.

"ಇಷ್ಟು ಹೊತ್ತಲ್ಲಿ ಇಲ್ಲೇನೇ ಮಾಡ್ತಿದೀಯ?" ಪಿಸುಗುಟ್ಟಿದಳು ದೊಡ್ಡವಳು.

"ನೀವ್ಯಾಕೆ ಹೊರಗೆ ಬಂದ್ರಿ? ದೀಪ ಇದೆ. ಕೂತು ಹೊಲೀಬಹುದಿತ್ತಲ್ಲ."

"ಯಾರ ಮನೇಲಿ ದೀಪ?"

"ನಿಮ್ಮನೇಲೇ. ದಿನಾ ರಾತ್ರಿ ನೋಡ್ತಿದೀನಿ. ಮೆಶಿನ್ ಸದ್ದೂ ಕೇಳ್ತಿದೀನಿ." ಚಿಕ್ಕವಳು ಪ್ಲೇಯರು ಕೆಳಗಿಳಿಸಿದಳು. "ಮಗಳಿಗೆ ಕೆಮ್ಮು ಅಕ್ಕಾ. ಕತ್ತಲಲ್ಲಿ ಔಷಧಿ ಬಾಟ್ಲಿ ತಡಕಾಡ್ತೀನಿ. ಒಂದು ವೈರು ಈ ಕಡೆಗೂ ಕೊಡಿ ಅಂತ ಬಾಯಿಬಿಟ್ಟು ಕೇಳೋಕೆ ಆಗಲಿಲ್ಲ. ಉರೀತು. ಕತ್ತರಿಸಿಬಿಡೋಣ ಅಂತ ಬಂದೆ."

"ಲೇ... ನಿಮ್ಮನೇಲಿ ಡ್ರೈಯರ್ ಓಡ್ತಿದೆಯಲ್ಲೇ. ಈಗಲೂ."

ಚಿಕ್ಕವಳು ಹಿಂದೆ ತಿರುಗಿದಳು. ದೊಡ್ಡವಳೂ ತಿರುಗಿದಳು. ಹೊರಗೆ ಬಂದ ಮೇಲೆ ಇಬ್ಬರೂ ತಂತಮ್ಮ ಮನೆ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ. ನೋಡೋಕೆ ಏನಿದೆ, ಕತ್ತಲು ತಾನೇ...

ಎರಡೂ ಕಿಟಕಿ ಬೆಳಗುತ್ತಿದ್ದವು.

ಟರ್ರ್ರ್... ಟಕ್. ಟರ್ರ್ರ್... ಟಕ್. ಮೋಟಾರಿನ ಸದ್ದು. ಅಟ್ಟದ ಮೇಲಿದ್ದ ಮೋಟಾರಿನದ್ದು. ದೊಡ್ಡವಳ ಮೆಶಿನ್ನಿನ ಮುಂದೆ ಒಂದು ನೆರಳು ಬೆನ್ನು ಬಗ್ಗಿಸಿ ಕೂತಿತ್ತು. ಚಿಕ್ಕವಳ ಕಿಟಕಿಯಲ್ಲಿ ಇನ್ನೊಂದು, ಕೂದಲು ಬಿಚ್ಚಿಕೊಂಡು...

"ಮಗ ಒಳಗಿದಾನೆ," ಅಂದಳು ದೊಡ್ಡವಳು.

"ನನ್ನ ಮಗಳು..."

ಒಬ್ಬಳೇ ಹೋಗೋ ಧೈರ್ಯ ಇಬ್ಬರಿಗೂ ಇರಲಿಲ್ಲ. ಯಾರ ಮನೆಗೆ ಮೊದಲು? ದೊಡ್ಡವಳು ಅವಳ ಮುಂಗೈ ಹಿಡಿದಳು.

"ನಿನ್ನ ಗಂಡ ಇದಾನಾ ಮನೇಲಿ?"

"ಇಲ್ಲ. ನೈಟ್ ಶಿಫ್ಟು. ಮಗು ಒಂದೇ."

"ನಡಿ, ನಿಮ್ಮನೆಗೇ ಮೊದಲು."

ಹೊಸ್ತಿಲ ಮೇಲೆ ಕಾಲಿಟ್ಟರು. ಒಳಗೆ ಯಾರೋ ಸ್ವಿಚ್ಚು ಒತ್ತಿದ ಹಾಗೆ... ಟಿಕ್. ಕತ್ತಲು. ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಳು, ಉಸಿರು ಗೊರ್ ಗೊರ್. ದೊಡ್ಡವಳೇ ಎತ್ತಿ ಹೆಗಲಿಗೆ ಹಾಕಿಕೊಂಡಳು. ಓಡಿಬಂದು ತನ್ನ ಬಾಗಿಲು ತಳ್ಳಿದಳು. ಟಿಕ್. ಅಲ್ಲೂ ಕತ್ತಲು. ಗಂಡನ ಗೊರಕೆ. ಮಗ ಹೊದಿಕೆ ಒದ್ದು ಮಲಗಿದ್ದ.

ಬೆಳಕು ಹರಿಯೋವರೆಗೆ ಇಬ್ಬರೂ ಮಕ್ಕಳನ್ನು ನಡುವೆ ಹಾಕಿಕೊಂಡು ಕೂತಿದ್ದರು, ಟಾರ್ಪಾಲಿನ ಪಟಪಟ ಕೇಳುತ್ತಾ. ಆಮೇಲೆ ದೀಪ ಕಾಣಲಿಲ್ಲ. ಕರೆಂಟು ಬರೋವರೆಗೂ ಎರಡು ಮನೆಯವರೂ ಒಂದೇ ಕೋಣೆಯಲ್ಲಿ ಮಲಗಿದರು. ಹೊಟ್ಟೆಕಿಚ್ಚು ಪೂರ್ತಿ ಹೋಯಿತಾ ಅಂತ ಕೇಳಿದರೆ, ಅದೆಲ್ಲ ಹೋಗುತ್ತದಾ? ಆದರೆ ಚಿಕ್ಕವಳ ಮಗಳಿಗೆ ಕೆಮ್ಮು ಬಂದರೆ ಇವತ್ತಿಗೂ ಮೊದಲು ಏಳೋದು ದೊಡ್ಡವಳು.

ಗಂಡಂದಿರು ನಂಬಲಿಲ್ಲ. ಅವರ ಬಾಯಿ ಮುಚ್ಚಿದ್ದು ಆ ರಾತ್ರಿ ಕಳೆದ ಬೆಳಗ್ಗೆ, ಕಸ ಗುಡಿಸುವಾಗ. ಮಳೆ ಬಿದ್ದ ಮೇಲೆ ದೀಪಕ್ಕೆ ಮುತ್ತಿಕೊಳ್ಳುತ್ತವಲ್ಲ, ರೆಕ್ಕೆಹುಳ... ಟ್ಯೂಬ್‌ಲೈಟಿನ ನೇರ ಕೆಳಗೆ, ನೆಲದ ಮೇಲೆ, ಅವು ಉದುರಿಸಿದ ರೆಕ್ಕೆಗಳು. ಮೊರದ ತುಂಬಾ ಬಂತು. ಆ ಮನೆಯಲ್ಲೂ ಅಷ್ಟೇ, ಈ ಮನೆಯಲ್ಲೂ ಅಷ್ಟೇ. ಹೊರಗೆ ಸುರಿದಾಗ ನಮ್ಮ ಚಿಕ್ಕಮ್ಮ ಅಲ್ಲೇ ನಿಂತಿದ್ದರು. ಬೇಕಿದ್ದರೆ ನಾಳೆ ಅವರನ್ನೇ ಕೇಳಿ.