ಕಾಡಪ್ಪನ ಗೊರಗೊರ ಡಬ್ಬಿ

೧೯೬೮ರ ಒಂದು ಬೆಳಿಗ್ಗೆ, ಹಾತಕಣಂಗಲೆ ಸ್ಟೇಷನ್ನಿನಲ್ಲಿ ಕೊಲ್ಹಾಪುರದ ಗಾಡಿ ತಡವಾಗಿತ್ತು. ನನ್ನ ಬೆಂಚಿನ ಆ ತುದಿಗೆ ಕಬನೂರಿನ ಸಾವಕ್ಕ, ಬಾಳಕ್ಕ ಕೂತಿದ್ದರು. ಮಗ್ಗದ ಶೆಡ್ಡಿನಲ್ಲಿ ದುಡಿಯುವವರೆಂದು ಅವರ ದೊಡ್ಡ ದನಿಯೇ ಹೇಳುತ್ತಿತ್ತು. ಮೊದಲು ಮಾತೆತ್ತಿದವಳು ಸಾವಕ್ಕ.

“ನಮ್ಮ ಶೆಡ್ಡಿನ ಎದುರಮನಿ ಕಾಡಪ್ಪ ಅದಾನಲ್ಲ, ಬ್ಯಾಂಡಿನಾಗ ಗಿಟಾರ್ ಬಾರಸಾಂವ, ಒಂದು ಡಬ್ಬಿ ಮಾಡ್ಯಾನ. ನನಗ್ಯಾಕೋ ಸಂಶಯ ಬಂದೈತಿ.”

“ಎಂಥಾ ಡಬ್ಬಿ?”

“ಊಟದ ಡಬ್ಬಿನ. ಒಳಗ ಕೆಟ್ಟ ರೇಡಿಯೋದ ಸಾಮಾನ ತುಂಬ್ಯಾನ. ಗಿಟಾರಿನ ವಾಯರ್ ಅದಕ್ಕ ಹಚ್ಚಿ, ಕಾಲಿಲೆ ಗುಂಡಿ ಒತ್ತತಾನ. ಒತ್ತಿದ್ರ ಇಂಪಾದ ದನಿ ಹರಕ ಅರಿವಿ ಆಗತೈತಿ.”

“ಚಲೋ ದನಿ ಯಾರರೆ ಹರೀತಾರೇನ?”

“ಅದ ಮತ್ತ! ಕೇಳಿದ್ರ, ಮಗ್ಗದ ಸಪ್ಪಳದಾಗೂ ಕೇಳಬೇಕ್ರಿ ಅಂತಾನ.”

“ಯಾರಿಗೆ ಕೇಳಬೇಕಂತ?”

“ಅದನ್ನ ಹೇಳಲಿಲ್ಲ ಭಾಡ್ಯಾ. ನಿನ್ನೆ ಆ ಗೊರಗೊರ ಕೇಳಿ, ಮೋಟಾರ್ ಕೆಟ್ಟೈತಿ ಅಂತ ಮಗ್ಗ ರಿಪೇರಿ ಮಾಡೋ ನಮ್ಮ ಜಾಬರ್ ಎಲ್ಲಾ ಮಗ್ಗ ನಿಲ್ಲಿಸಿದ.”

“ಆಮ್ಯಾಲೆ?”

“ಮಗ್ಗ ನಿಂತ್ರೂ ಗೊರಗೊರ ನಿಲ್ಲಲಿಲ್ಲ.”

“ಅಯ್ಯ! ನಿಮ್ಮ ರಾಯವ್ವನೂ ಅಲ್ಲೇ ಕಂಡಿಕಿಗೆ ನೂಲು ಸುತ್ತಾಕತ್ತಿದ್ಲಲ್ಲ? ಅಂಜಿದ್ಲೇನ ಹುಡುಗಿ?”

ಗಾಡಿ ಬಂತು. ಸಾವಕ್ಕ ಗಂಟನ್ನು ಕಂಕುಳಿಗೇರಿಸಿ ಎದ್ದಳು. ಉತ್ತರ ಕೊಟ್ಟದ್ದು ಗಾಡಿಯ ಮೆಟ್ಟಿಲು ಹತ್ತುವಾಗ.

“ಎಲ್ಲಾರೂ ಮೋಟಾರ್ ಕಡೆ ನೋಡಿದ್ರು, ಬಾಳಕ್ಕ. ನನ್ನ ಮಗಳು ಒಬ್ಬಾಕಿನ ಎದುರಮನಿ ಕಿಡಕಿ ಕಡೆ ನೋಡಿದ್ಲು.”